ಸರದಿ ತಪ್ಪದ ಕಾಗದ

ಹೋದ ವಾರ ಅಂಚೆ ಕಚೇರಿಯಲ್ಲಿ ಒಂದು ಪಾರ್ಸೆಲಿಗೆ ಮೊಹರು ಹಾಕಿಸುತ್ತ ನಿಂತಿದ್ದೆ. ದೀಪಕ್ಕೆ ಹಿಡಿದ ಅರಗು ಕರಗಿ ವಾಸನೆ ಎದ್ದಿತು. ಆ ವಾಸನೆಯೊಡನೆ ನಮ್ಮ ಹೆಡ್ ಮುನ್ಷಿಯವರು ನೆನಪಾದರು...

ಆಗ ನನಗೆ ಇಪ್ಪತ್ತೆರಡು. ನಂಜನಗೂಡಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಹೊರಹೋಗುವ ಕಾಗದಗಳಿಗೆ ನಂಬರು ಹಾಕಿ, ಚೀಲ ಕಟ್ಟಿ, ಅರಗಿನ ಮೊಹರೊತ್ತಿ ಮೈಸೂರಿಗೆ ಕಳಿಸುವ ಕೆಲಸ. ಕಲಿಸಿದವರು ಮುನ್ಷಿಯವರು. ಅವರದು ಒಂದೇ ಕಟ್ಟಳೆ: ಸರದಿ ಬರದೆ ಯಾವ ಕಾಗದವೂ ಹೊರಗೆ ಹೋಗಕೂಡದು. ಒಮ್ಮೆ ಸಾಹೇಬರ ಭಾವಮೈದುನನ ಅರ್ಜಿಯನ್ನು ನಾನು ಮುಂದೆ ಸರಿಸಿದ್ದಕ್ಕೆ ಇಡೀ ಕಟ್ಟನ್ನು ಬಿಚ್ಚಿಸಿ ಮತ್ತೆ ಜೋಡಿಸಿದ್ದರು.

ಸಂಬಳ ಯಾವಾಗ ಏರುತ್ತದೆ ಎಂದು ಅವರನ್ನೇ ಕೇಳಿದ್ದೆ.

"ಚೆನ್ನಾಗಿ ಕೆಲಸ ಮಾಡಿದ್ರೆ ಬರೋದು ಇನ್ನಷ್ಟು ಕೆಲಸ ಕಣಯ್ಯ. ಸಂಬಳ ಏರ್ಬೇಕಾದ್ರೆ ಮೇಲಿನೋನು ಕುರ್ಚಿ ಬಿಡ್ಬೇಕು. ವರ್ಗ ಆಗ್ಲಿ, ವಯಸ್ಸಾಗ್ಲಿ, ಇಲ್ಲ ಯಮ ಬರ್ಲಿ."

ಅವರ ಮೇಲಿನವರು ಯಾರೂ ಕುರ್ಚಿ ಬಿಟ್ಟಿರಲಿಲ್ಲ. ಹನ್ನೊಂದು ವರ್ಷದಿಂದ ಒಂದೇ ಸಂಬಳ. ನಿವೃತ್ತಿಗೆ ಇನ್ನೊಂದೇ ವರ್ಷ. ಪಿಂಚಣಿ ಗೊತ್ತಾಗುವುದು ಕೊನೆಯ ಸಂಬಳದ ಮೇಲೆ. ಮನೆಯಲ್ಲಿ ವಿಧವೆಯಾದ ಮಗಳು, ಅವಳ ಎರಡು ಮಕ್ಕಳು. ಮೇಲಿನ ಹುದ್ದೆಗೇರಿ ಶಿರಸ್ತೇದಾರರಾಗದೆ ಊರು ಸೇರಿದರೆ ಆ ನಾಲ್ಕು ಹೊಟ್ಟೆ...

ಆ ವರ್ಷ ಪ್ಲೇಗು ಬಂತು. ಒಂದು ಬೆಳಿಗ್ಗೆ ನರಸೀಪುರದ ಕಚೇರಿಯ ಜವಾನ ಬಾಗಿಲಲ್ಲೇ ನಿಂತು ಮುನ್ಷಿಯವರಿಗೆ ಹೇಳಿದ: "ನಮ್ ಶಿರಸ್ತೇದಾರ್ರು ಓಗ್ಬುಟ್ರು ಕಣ್ ಸಾ. ನಾಕೇ ದಿನ. ನೀವೇ ಬಿರ್ನೆ ಬಂದ್ಬುಡಿ, ಇಲ್ದಿದ್ರೆ ಆ ಕುರ್ಚೀಲಿ ಇಲಿ ಕುಂತ್ಕತದೆ."

"ಥೂ, ಸತ್ತೋರ ಸುದ್ದಿ ಹಿಂಗಾ ಹೇಳೋದು?" ಎಂದು ಮುನ್ಷಿಯವರು ಗದರಿದರು. ಆದರೆ ಅವರ ಕೈಯ ಲೇಖನಿ ನಿಂತುಬಿಟ್ಟಿತ್ತು.

ಸಾಹೇಬರು ಆ ಜಾಗಕ್ಕೆ ಅವರ ಹೆಸರನ್ನೇ ಶಿಫಾರಸು ಮಾಡಿ ರುಜು ಹಾಕಿದರು. ಕಾಗದ ನನ್ನ ಮೇಜಿಗೆ ಬಂತು. ಅದಕ್ಕಿಂತ ಮುಂಚೆ ಬಂದ, ನಕಲು ತೆಗೆದು ಕಳಿಸಬೇಕಾದ ಬಿಳಿಗೆರೆ, ಕವಲಂದೆ ಕಡೆಯ ಪ್ಲೇಗಿನ ಪಟ್ಟಿಗಳು ರಾಶಿ ಬಿದ್ದಿದ್ದವು. ದಿನಕ್ಕೆ ಒಂದೇ ಚೀಲ. ಆ ಸಂಜೆ ಮುನ್ಷಿಯವರು ನನ್ನ ಬಳಿ ಬಂದು ನಿಂತರು. ಹಾಗೆ ಬರುವವರಲ್ಲ.

"ಚೀಲ ಕಟ್ಟಿ ಆಯ್ತೇನಯ್ಯ?"

"ಕಟ್ಟಿದೀನಿ ಸ್ವಾಮಿ. ನಿಮ್ದು ಸರದಿ ಪ್ರಕಾರ ನಾಳಿದ್ದು."

"ನಾಳಿದ್ದಾ... ಅರಗು ಇನ್ನೂ ಹಾಕಿಲ್ಲ, ಅಲ್ವೇ?"

ನನ್ನನ್ನು ಪರೀಕ್ಷಿಸುತ್ತಿದ್ದಾರೆ ಎಂದುಕೊಂಡೆ. "ಇಗೋ, ಹಾಕ್ದೆ ಸ್ವಾಮಿ," ಎಂದು ಅವರ ಕಣ್ಣೆದುರಿಗೇ ಮೊಹರೊತ್ತಿದೆ. ಹೆಮ್ಮೆಯಿಂದಲೇ ಒತ್ತಿದೆ. ಅವರು ಸ್ವಲ್ಪ ಹೊತ್ತು ಅದನ್ನೇ ನೋಡಿದರು. "ಸರಿ," ಎಂದರು. ಛತ್ರಿ ತೆಗೆದುಕೊಂಡು ಹೊರಟರು.

ಕಾಗದ ಮೂರನೆಯ ದಿನ ಹೋಯಿತು. ಅದರ ಹಿಂದಿನ ದಿನವೇ ಬೇರೆ ತಾಲ್ಲೂಕಿನವರೊಬ್ಬರಿಗೆ ಆ ಜಾಗ ಕೊಟ್ಟಾಗಿತ್ತು. ಹಾಗೆಂದು ಉತ್ತರ ಬಂದಾಗ, ಅದಕ್ಕಿಂತ ಮೊದಲು ಬಂದಿದ್ದ ಏಳು ಕಾಗದಗಳನ್ನು ದಾಖಲು ಮಾಡಿ ಮುಗಿಸಿ, ಎಂಟನೆಯದಾಗಿ ಅದನ್ನು ಮುನ್ಷಿಯವರೇ ಬರೆದುಕೊಂಡರು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮರುವರ್ಷ ಅದೇ ಸಂಬಳದಲ್ಲಿ ನಿವೃತ್ತರಾಗಿ ಮೂಗೂರಿಗೆ ಹೋದರು. ಅವರ ಜಾಗಕ್ಕೆ ಕೆಳಗಿನವರು, ಆ ಕೆಳಗಿನವರ ಜಾಗಕ್ಕೆ ನಾನು... ನನ್ನ ಮೊದಲ ಬಡ್ತಿ ಬಂದದ್ದು ಹಾಗೆ. ಎರಡು ವರ್ಷದಲ್ಲಿ ಅವರು ತೀರಿಕೊಂಡರೆಂದೂ ಮಗಳು ಯಾರದೋ ಮನೆಯಲ್ಲಿ ಅಡಿಗೆಗೆ ನಿಂತಳೆಂದೂ ಕೇಳಿದೆ. ಹೋಗಿ ನೋಡಲಿಲ್ಲ.

ನಾನು ಶಿರಸ್ತೇದಾರನಾಗಿಯೇ ನಿವೃತ್ತನಾದೆ. ಈಗ ತಿಂಗಳು ತಿಂಗಳೂ ತಪ್ಪದೆ ಪಿಂಚಣಿ ಬರುತ್ತದೆ. ಆ ಸಂಜೆ ಅವರು ನನ್ನನ್ನು ಪರೀಕ್ಷಿಸಲಿಲ್ಲ, ಬೇಡಿಕೊಂಡಿದ್ದರು. ಅದು ನನಗೆ ತಿಳಿಯುವ ಹೊತ್ತಿಗೆ, ಹೋಗಿ ಹೇಳಿಕೊಳ್ಳಲು ಮೂಗೂರಿನಲ್ಲಿ ಅವರ ಕಡೆಯವರು ಯಾರೂ ಉಳಿದಿರಲಿಲ್ಲ.