ಮೂರೂವರೆ ಮೊಳದ ಗಂಡು

ನನ್ನ ಕೈಯಳತೆಗೆ ಹೂವು ಮಾರುವಷ್ಟು ಧೈರ್ಯದ ಹೂವಾಡಗಿತ್ತಿ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ನಾನು ಕೈ ಚಾಚಿದ ಕೂಡಲೇ ಬುಟ್ಟಿ ಹಿಂದಕ್ಕೆಳೆದುಕೊಂಡು, "ನಿನ್ ಕೈ ಬ್ಯಾಡ ಕಣವ್ವ, ನಂದೇ ಸಾಕು" ಅನ್ನುತ್ತಾರೆ. ನನ್ನ ಮೊಳ ಅಷ್ಟು ಉದ್ದ.

ಹಳೆಯ ಅಳತೆಗಳೆಲ್ಲ ಮನುಷ್ಯನ ಮೈಗೆ ಅಂಟಿಕೊಂಡವು. ಎರಡು ಗೇಣಿಗೆ ಮೊಳ, ನಾಲ್ಕು ಮೊಳಕ್ಕೆ ಮಾರು. ಪಕ್ಕದ ಊರು ಎಷ್ಟು ದೂರ ಎಂದರೆ ಒಂದು ಕೂಗಳತೆ. ಯಾರ ಕೈ, ಯಾರ ಕೂಗು ಎಂದು ಕೇಳಿದವರು ಅಧಿಕಪ್ರಸಂಗಿಗಳು. ಅರವತ್ತರ ದಶಕದ ಮೊದಲಲ್ಲಿ ಮೀಟರು ಬಂತು. ಶಿರಾದ ನಮ್ಮ ಬಟ್ಟೆ ಅಂಗಡಿ ಸಾಹೇಬರು ಹೊಸ ಕೋಲಿನಲ್ಲಿ ಅಳೆದು, ಗಜಕ್ಕಿಂತ ಹೆಚ್ಚಾದ ನಾಲ್ಕು ಬೆರಳು ಹಿಂದೆ ಸರಿದು ಕತ್ತರಿ ಹಾಕಿ, "ತಗೊಳ್ಳಿ ಅಮ್ಮಾ, ಅಸಲಿ ಗಜ" ಅನ್ನುತ್ತಿದ್ದರು. ಸರ್ಕಾರಕ್ಕೂ ಸಮಾಧಾನ, ಗಿರಾಕಿಗೂ ಸಮಾಧಾನ.

ಆಗಲೇ ನನಗೆ ಗಂಡು ಹುಡುಕುತ್ತಿದ್ದದ್ದು. ನಾನು ಐದಡಿ ಆರಿಂಚು. ಎರಡು ಕಡೆಯವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕಾಫಿ ಕುಡಿದು, ಎದ್ದು ಹೋಗಿದ್ದರು. ಅಮ್ಮ ಸೋತಿದ್ದಳು. ನನಗೂ ನಿಜವಾಗಿ ಭಯವಾಗಿತ್ತು. ಅಷ್ಟರಲ್ಲಿ ಮಧುಗಿರಿಯಿಂದ ಸೋದರಮಾವ ಬಂದು ಪಾವಗಡದ ಒಬ್ಬ ಹುಡುಗನ ಸುದ್ದಿ ಹೇಳಿದರು. ಅಮ್ಮ ಕೇಳಿದ್ದು ಒಂದೇ: "ಎತ್ತರ ಎಷ್ಟವ್ನೆ?"

"ಎಲ್ಲಾರಂಗೆ ಮೂರೂವರೆ ಮೊಳ ಅವ್ನೆ ಬುಡಕ್ಕ," ಅಂದರು ಮಾವ, ಎಲೆಗೆ ಸುಣ್ಣ ಸವರುತ್ತ. ಸಂಜೆಯ ಬಸ್ಸಿಗೆ ಹೊರಟೂ ಹೋದರು.

ನಮ್ಮಣ್ಣ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಮೊಳಕ್ಕೆ ಹದಿನೆಂಟು ಇಂಚಿನಂತೆ ಗುಣಿಸಿ, "ಐದಡಿ ಮೂರಿಂಚು! ತಂಗಿಗಿಂತ ಎಂಟು ಸೆಂಟಿಮೀಟರ್ ಕಡಿಮೆ" ಎಂದು ತೀರ್ಪು ಕೊಟ್ಟ. ಸೆಂಟಿಮೀಟರ್ ಎಂದರೇನೆಂದು ತಿಳಿಯದ ಅಮ್ಮ, ಎಂಟು ಗೇಣೇ ಕಡಿಮೆಯಾದಂತೆ ತಲೆಯ ಮೇಲೆ ಕೈ ಹೊತ್ತಳು. ಹುಡುಗನ ಕಡೆಯವರಿಗೆ ಬನ್ನಿ ಎಂದು ಹೇಳಿ ಕಳಿಸಿಯಾಗಿತ್ತು. ಕೊನೆಗೆ ಉಪಾಯವನ್ನೂ ಅವಳೇ ಹುಡುಕಿದಳು: "ಬಗ್ಗಿ ನಡಿ. ನಿಂತ್ರೂ ಬಗ್ಗೇ ನಿಂತ್ಕ."

ಮಾವ ಅವರನ್ನು ಕರೆದುಕೊಂಡು ಬಂದ ದಿನ, ನೆಲದ ಮೇಲೆ ಬಿದ್ದ ಮೂಗುತಿ ಹುಡುಕುವವಳ ಹಾಗೆ ಉಪ್ಪಿಟ್ಟಿನ ತಟ್ಟೆ ಹಿಡಿದು ನಡುಮನೆಗೆ ಬಂದೆ. ನನಗೆ ಕಂಡದ್ದು ಬರೀ ಕಾಲುಗಳು. ಹುಡುಗನ ತಾಯಿ ಎಲ್ಲರಿಗೂ ಕೇಳಿಸುವ ಪಿಸುಮಾತಿನಲ್ಲಿ, "ಅಮ್ಮಾಯಿಗೆ ಸೊಂಟ ನೋವು ಏನಾರ ಐತಾ? ಮೊದ್ಲೇ ಹೇಳ್ಬುಡ್ರಮ್ಮ" ಅಂದರು. ಉದ್ದದ ಹುಡುಗಿಗೇ ಗಂಡಿಲ್ಲ. ಇನ್ನು ಗೂನಿ ಎಂಬ ಹೆಸರು ಬಂದರೆ ಮುಗಿಯಿತು.

ಕೂತಿದ್ದ ಹುಡುಗ ಎದ್ದು ಬಂದು ನನ್ನ ಕೈಯಿಂದ ತಟ್ಟೆ ತೆಗೆದುಕೊಂಡರು. "ನೆಟ್ಟಗೆ ನಿಂತ್ಕಳ್ರೀ, ಪರವಾಗಿಲ್ಲ," ಅಂದರು.

ನಿಂತೆ. ಕಣ್ಣಿಗೆ ನೇರವಾಗಿ ಸಿಕ್ಕಿದ್ದು ಅವರ ಅಂಗಿಯ ಕಾಲರು.

ಅಣ್ಣ ಮಾವನ ಕಡೆ ತಿರುಗಿದ. "ಮೂರೂವರೆ ಮೊಳ ಅಂದ್ಯಲ್ಲ ಮಾವ!"

"ಹೂಂ ಕಣ್ಲಾ, ಅವನ ಮೊಳದಾಗೆ. ಅವರವರ ಮೊಳದಾಗೆ ಅಳೆದ್ರೆ ಯಾರು ತಾನೇ ಮೂರೂವರೆ ಇಲ್ಲ?"

ನಾನು ಇದನ್ನು ಆಮೇಲೆ ಕೇಳಿ ತಿಳಿದದ್ದು. ಆ ಹೊತ್ತಿಗೆ ನಾನು, ಬೆಳೆದು ದೊಡ್ಡವಳಾದ ಮೇಲೆ ಮೊದಲ ಸಲ, ಒಬ್ಬ ಗಂಡಸಿನ ಮುಖವನ್ನು ಕತ್ತೆತ್ತಿ ನೋಡುತ್ತಿದ್ದೆ. ಆ ಸಂಭ್ರಮದಲ್ಲಿ ಅವರ ಬೇರೆ ಯಾವ ಗುಣವನ್ನೂ ವಿಚಾರಿಸಲಿಲ್ಲ. ವಿಚಾರಿಸಬೇಕಿತ್ತು ಎಂದು ಮದುವೆಯಾದ ಮೇಲೆ ಒಮ್ಮೊಮ್ಮೆ ಅನ್ನಿಸಿದ್ದುಂಟು. ಆದರೆ ಬೆನ್ನು ಮಾತ್ರ ಅವತ್ತಿನಿಂದ ಯಾರಿಗಾಗಿಯೂ ಬಗ್ಗಿಲ್ಲ, ಅವರಿಗಾಗಿಯೂ.