ಅತ್ತಿಗೆಯ ಹೆಸರಿನಲ್ಲಿ ಎರಡು ದಿನ

ಅಣ್ಣನ ಫೋನ್ ಬಂದಾಗ ನಾನು ಶಾಲೆಯ ಆಫೀಸಿನಲ್ಲಿ ವರ್ಗಾವಣೆ ಪತ್ರಗಳನ್ನು ಬರೆಯುತ್ತಾ ಕೂತಿದ್ದೆ. ಭದ್ರಾವತಿಯ ಹೈಸ್ಕೂಲೊಂದರಲ್ಲಿ ಆಗ ನಾನು ಗುಮಾಸ್ತೆ. ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಅಣ್ಣನಿಗೆ ಶಿವಮೊಗ್ಗದಲ್ಲಿ ಪಂಪ್‌ಸೆಟ್ ಅಂಗಡಿ. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಆದರೂ ಅವನು ನನಗೆ ಫೋನ್ ಮಾಡುತ್ತಿದ್ದುದು ಬಳಗದಲ್ಲಿ ಯಾರಾದರೂ ತೀರಿಕೊಂಡಾಗ ಮಾತ್ರ. ಹಾಗಾಗಿ ರಿಸೀವರ್ ಎತ್ತಿದವಳೇ "ಯಾರು?" ಎಂದು ಕೇಳಿಬಿಟ್ಟೆ.

"ಯಾರೂ ಇಲ್ಲ ಮಾರಾಯ್ತಿ. ಶಂಕರಘಟ್ಟ ದಾಟಿ ಹಿನ್ನೀರಿನ ಕಡೆ ಒಂದು ರೆಸಾರ್ಟ್ ಆಗಿದೆ. ಕುದುರೆ ಫಾರ್ಮ್ ತರ. ನೀನೂ ನಿಮ್ಮನೆಯವರೂ ಎರಡು ದಿನ ಇದ್ದು ಬರ್ತೀರಾ ಕೇಳೋಣ ಅಂತ."

ಬೆಂಗಳೂರಿನಲ್ಲಿ ಅವನು ಯಾವಾಗಲೂ ಇಳಿದುಕೊಳ್ಳುವ ಹೋಟೆಲಿನವರದೇ ಈ ರೆಸಾರ್ಟಂತೆ. ಅಲ್ಲಿ ತಂಗಿದ ಪ್ರತಿ ದಿನಕ್ಕೂ ಕಾರ್ಡಿನಲ್ಲಿ ಪಾಯಿಂಟ್ಸ್ ಸೇರುತ್ತವಂತೆ. ಈ ತಿಂಗಳ ಕೊನೆಯೊಳಗೆ ಬಳಸದಿದ್ದರೆ ಅಷ್ಟೂ ಹೋಗಿಬಿಡುತ್ತವಂತೆ.

"ನೀವೇ ಹೋಗಿ" ಎಂದೆ.

"ನಮಗಾಗಲ್ಲ" ಎಂದ. ಯಾಕೆ ಎಂದು ಹೇಳಲಿಲ್ಲ.

ಅಣ್ಣ ಅತ್ತಿಗೆ ಬೆಂಗಳೂರಿಗೆ ಓಡಾಡುತ್ತಿದ್ದುದು ನಮಗೆಲ್ಲ ಗೊತ್ತಿತ್ತು. ಹೊಳೆಹೊನ್ನೂರಿನಲ್ಲಿದ್ದ ಅವ್ವ ಅದನ್ನು ಬಂದವರೆದುರಿಗೆಲ್ಲ ಆಡುತ್ತಿದ್ದಳು. "ತಿಂಗಳು ತುಂಬೋದ್ರೊಳಗೆ ಗಂಡ ಹೆಂಡ್ತಿ ಬೆಂಗ್ಳೂರಿಗೆ. ಅದೂ ಹೋಟ್ಲಲ್ಲೇ ಇರೋದು. ಮಕ್ಳಾ ಮರೀನಾ, ಯಾರು ಕೇಳ್ಬೇಕು." ಗೌರಿ ಹಬ್ಬಕ್ಕೆ ಅವ್ವನ ಮನೆಗೆ ಬರುವುದನ್ನು ಅತ್ತಿಗೆ ನಿಲ್ಲಿಸಿದ್ದಳು. ದೀಪಾವಳಿಗೆ ಒಂದು ಗಳಿಗೆ ಬಂದಾಗಲೂ ತಟ್ಟೆ ಮುಂದೆ ಕೂತು, ಒಂದು ತುತ್ತು ಕಲಸಿ ಎದ್ದುಬಿಟ್ಟಿದ್ದಳು. ಆಮೇಲೆ ಚಿಕ್ಕಪ್ಪನ ಮಗಳ ಮದುವೆಗೆ ಕಿವಿ ಕಾಣುವಷ್ಟು ಗಿಡ್ಡ ಕೂದಲು ಬಿಟ್ಟುಕೊಂಡು ಬಂದಳು. ಅವ್ವ ಕಲ್ಯಾಣ ಮಂಟಪದ ಕಂಬದ ಮರೆಗೆ ನನ್ನನ್ನು ಎಳೆದುಕೊಂಡು ಹೋಗಿ, "ಬಾಬ್ ಕಟ್ ಮಾಡಿಸ್ಕಂಡಿದಾಳೆ ನೋಡು, ಈ ವಯಸ್ಸಲ್ಲಿ" ಎಂದಿದ್ದಳು. ನಾನೂ ನಕ್ಕಿದ್ದೆ.

ನಮ್ಮನೆಯವರಿಗೆ ರೆಸಾರ್ಟಿನ ವಿಷಯ ಹೇಳಿದಾಗ ಅವರು ಚಿಕ್ಕ ಹುಡುಗನ ಹಾಗೆ ಕುಣಿದರು. ಕಾರ್ಖಾನೆಯ ಶಿಫ್ಟು, ಮನೆ, ಶಿಫ್ಟು. ಮದುವೆಯಾಗಿ ಹನ್ನೊಂದು ವರ್ಷವಾದರೂ ನಾವಿಬ್ಬರೇ ಎಲ್ಲಿಗೂ ಹೋದವರಲ್ಲ. ಮಗಳನ್ನು ಅವ್ವನ ಹತ್ತಿರ ಬಿಟ್ಟು ಹೋಗುವುದೆಂದಾಯಿತು.

ಶನಿವಾರ ಮಧ್ಯಾಹ್ನ ಕಾರ್ಡ್ ತರಲು ಅಂಗಡಿಗೆ ಹೋದೆ. ಅಣ್ಣ ನನ್ನೆದುರಿಗೇ ಹೋಟೆಲಿನವರಿಗೆ ಫೋನ್ ಮಾಡಿದ. ಅವನು ಕಾರ್ಡಿನ ಉದ್ದದ ನಂಬರನ್ನು ಕಾರ್ಡ್ ನೋಡದೆಯೇ ಹೇಳಿಬಿಟ್ಟ. ಫೋನಿಟ್ಟ ಮೇಲೆ, "ಒಂದು ವಿಷ್ಯ" ಎಂದು ತಲೆ ಕೆರೆದುಕೊಂಡ. "ಪಾಯಿಂಟ್ಸ್ ಬೇರೆಯವರಿಗೆ ಕೊಡೋ ಹಾಗಿಲ್ಲ. ಬುಕಿಂಗ್ ನಮ್ಮಿಬ್ಬರ ಹೆಸರಲ್ಲೇ ಆಗಿದೆ. ಅಲ್ಲಿಗೆ ಹೋದಾಗ ನಾನೇ ಅಂತ ಹೇಳ್ಲಿ ನಿಮ್ಮನೆಯವ್ರು."

"ಹಾಗಾದ್ರೆ ನಾನು?"

"ನೀನು ನಿಮ್ಮ ಅತ್ತಿಗೆ."

"ಥೂ, ನಿನ್ ಹೆಂಡ್ತಿ ಅಂತ ಹೇಳ್ಕಳ್ಲಾ?"

ಅಣ್ಣ ನಕ್ಕ. ಭದ್ರಾವತಿಗೆ ವಾಪಸು ಬರುವಾಗ ಬಸ್ಸು ಮಲವಗೊಪ್ಪ ದಾಟುವವರೆಗೂ ಕಾರ್ಡನ್ನು ಪರ್ಸಿನಿಂದ ತೆಗೆಯುವುದು, ನೋಡುವುದು, ಒಳಗಿಡುವುದು ಇದೇ ಆಯಿತು.

ಮುಂದಿನ ಗುರುವಾರ ಹೊರಟೆವು. ಶಂಕರಘಟ್ಟದವರೆಗೆ ಬಸ್ಸಿನ ತುಂಬ ಯೂನಿವರ್ಸಿಟಿಯ ಹುಡುಗ ಹುಡುಗಿಯರು. ಅಲ್ಲಿಂದ ಮುಂದಕ್ಕೆ ರೆಸಾರ್ಟಿನ ಜೀಪು. ಗೇಟಿನ ಮೇಲೆ ಅಷ್ಟುದ್ದ ಕೊಂಬಿನ ಎಮ್ಮೆಯ ತಲೆಬುರುಡೆ. ಸುತ್ತ ಮರದ ಬೇಲಿ. ಕೆಲಸದವರೆಲ್ಲರಿಗೂ ಅಗಲ ಅಂಚಿನ ಟೋಪಿ, ಮೊಣಕಾಲವರೆಗಿನ ಬೂಟು. ಬಂದವರು ಕೂರಲೆಂದು ಒಣಹುಲ್ಲಿನ ಪಿಂಡಿಗಳನ್ನು ಜೋಡಿಸಿ ಮೇಲೆ ಕಂಬಳಿ ಹಾಸಿದ್ದರು. ಗೋಡೆಗೆ ಎತ್ತಿನಗಾಡಿಯ ಚಕ್ರ ಒರಗಿಸಿದ್ದರು. ನಮ್ಮನೆಯವರು ಅದನ್ನು ಸವರಿ, "ನಮ್ಮಪ್ಪ ಇಂಥದ್ದನ್ನ ಒಲೆಗೆ ಹಾಕಿದ್ರು ಕಣೇ" ಎಂದರು.

ಕೌಂಟರಿನಲ್ಲಿ ಮ್ಯಾನೇಜರ್ ಹೆಂಗಸು. ಮೂವತ್ತರ ಆಸುಪಾಸು, ಮೈಸೂರಿನ ಕಡೆಯ ಮಾತು. ಕಾರ್ಡ್ ನೋಡಿ ನಮ್ಮನೆಯವರನ್ನು ಅಣ್ಣನ ಹೆಸರು ಹಿಡಿದು, 'ಸರ್' ಸೇರಿಸಿ ಸ್ವಾಗತಿಸಿದಳು. ಅವರು ತಿರುಗಿಯೂ ನೋಡದೆ ಕಿಟಕಿಯಾಚೆಯ ಕುದುರೆಯನ್ನೇ ನೋಡುತ್ತಿದ್ದರು. ನಾನು ಮೊಣಕೈಯಿಂದ ತಿವಿದೆ. ಆಮೇಲೆ ಅವಳು ನನ್ನ ಕಡೆ ತಿರುಗಿ ಅತ್ತಿಗೆಯ ಹೆಸರು ಹೇಳಿ, "ಪ್ರಯಾಣದಲ್ಲಿ ಸುಸ್ತಾಯ್ತಾ ಮೇಡಂ?" ಎಂದು ಕೇಳಿದಳು. ಅದೇನೋ ಬಹಳ ಮೆತ್ತಗೆ ಕೇಳಿದಳು. ಒಂದೂವರೆ ಗಂಟೆಯ ಬಸ್ಸಿಗೆ ಎಂಥ ಸುಸ್ತು ಎಂದುಕೊಂಡೆ. ನಾವು ಬಸ್ಸಿನಲ್ಲಿ ಬಂದದ್ದಕ್ಕೆ ಹಂಗಿಸುತ್ತಿದ್ದಾಳೋ ಎನಿಸಿತು.

ಕೋಣೆ ಮರದ್ದು. ಹಾಸಿಗೆಯ ಮೇಲೆ ಆರು ದಿಂಬು. ಮಂಚದ ಪಕ್ಕದಲ್ಲಿ ನೀಲಿ ಪ್ಲಾಸ್ಟಿಕ್ ಬೇಸಿನ್ನು, ಅದರ ಮೇಲೆ ಮಡಚಿಟ್ಟ ಟವೆಲುಗಳು. ಪಕ್ಕದ ಕಾಟೇಜಿನ ಬಾಗಿಲು ತೆರೆದಿತ್ತು. ಒಳಗೆ ಮೇಜಿನ ಮೇಲೆ ಗುಲಾಬಿಯ ಹೂದಾನಿ, ಊದುಬತ್ತಿಯ ಪರಿಮಳ. ನಮ್ಮ ಮೇಜು ಬೋಳು.

"ನೋಡಿದ್ರಾ" ಎಂದೆ. "ಪಾಯಿಂಟ್ಸಲ್ಲಿ ಬಂದೋರಿಗೆ ಹೂವಿಲ್ಲ. ಪಾತ್ರೆ ತೊಳೆಯೋ ಬೇಸಿನ್ ಬೇರೆ ಇಟ್ಟಿದಾರೆ."

"ಹೂವಿಗೆ ಬಂದ್ವಾ? ಕುದುರೆ ನೋಡೋಣ ಬಾ."

ಅವರು ಕುದುರೆ ಹತ್ತಿದರು. ನಾನು ಬೇಲಿಗೆ ಒರಗಿ ನಿಂತೆ, ಹುಲ್ಲಿನ ಪಿಂಡಿಯ ಮೇಲೆ ಕೂತೆ, ಎದ್ದೆ, ಕೋಣೆಗೆ ಹೋಗಿ ಬಾಗಿಲು ಹಾಕಿದೆಯಾ ನೋಡಿದೆ, ಮತ್ತೆ ಬಂದೆ. ಟೋಪಿಯವರು ಯಾರಾದರೂ ಅತ್ತಿಗೆಯ ಹೆಸರು ಕೂಗಿದಾಗಲೆಲ್ಲ ಅವಳೇ ಹಿಂದೆ ನಿಂತಿದ್ದಾಳೆಂದು ತಿರುಗಿ ನೋಡುತ್ತಿದ್ದೆ. ಎಂಟು ವರ್ಷದಿಂದ ನಾವಿಬ್ಬರೂ ಸರಿಯಾಗಿ ಮಾತಾಡಿರಲಿಲ್ಲ. ನನ್ನ ಮಗಳ ನಾಮಕರಣದ ದಿನ ಅವಳು ತೊಟ್ಟಿಲು ತೂಗಲು ಬಂದಾಗ, ಮೊದಲು ಮಕ್ಕಳೊಂದಿಗರು ತೂಗಲಿ ಎಂದು ಅವ್ವ ತಡೆದಿದ್ದಳು. ನಾನು ಬಾಣಂತಿ, ಮಂಚದ ಮೇಲೆ ಸುಮ್ಮನೆ ಕೂತಿದ್ದೆ. ಅತ್ತಿಗೆ ನನ್ನ ಮುಖ ನೋಡಿದ್ದಳು. ಅಲ್ಲಿಂದಾಚೆ ಹೋಗಿ ಬರುವುದು ಕಡಿಮೆಯಾಯಿತು. ಈಗ ಅವಳ ಹೆಸರಿನಲ್ಲಿ ಕೂತು ಯಾರದೋ ಕೈಯಿಂದ ಕಾಫಿ ತೆಗೆದುಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಉದ್ದನೆಯ ಹಾಲಿನಲ್ಲಿ ಬಡಿಸಿಟ್ಟಿದ್ದರು. ಪೂರಿ, ಪಲಾವು, ನಾಲ್ಕು ಬಗೆ ಪಲ್ಯ. ನಾನು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಟೋಪಿಯವನೊಬ್ಬ ಬಂದು, "ಮೇಡಂ, ನೀವು ಕೂತ್ಕೊಳ್ಳಿ, ನಿಮ್ದು ಬೇರೆ ಇದೆ" ಎಂದ. ಎಲ್ಲರೂ ನೋಡಿದರು. ಅವನು ತಂದಿಟ್ಟದ್ದು ಒಂದು ಬಟ್ಟಲು ಗಂಜಿ, ಬಸಿದ ಬೇಳೆಯ ತಿಳಿ, ಬೇಯಿಸಿ ಅರೆದ ಸೋರೆಕಾಯಿ. ಬಾಯಿಗಿಟ್ಟೆ. ಉಪ್ಪಿಲ್ಲ, ಖಾರವಿಲ್ಲ.

ನನಗೆ ತಲೆ ಕೆಟ್ಟುಹೋಯಿತು. ನಮ್ಮನೆಯವರು "ಬಿಡೇ, ನನ್ ತಟ್ಟೇಲಿ ತಿನ್ನು" ಎನ್ನುತ್ತಿದ್ದರೂ ಕೇಳದೆ ನೇರ ಕೌಂಟರಿಗೆ ಹೋದೆ.

"ಎಲ್ರಿಗೂ ಒಂದು, ನಮಗೊಂದು ಯಾಕೆ? ಪಾಯಿಂಟ್ಸಲ್ಲಿ ಬಂದ್ರೆ ಗಂಜಿ ಹಾಕ್ತೀರಾ?"

ಆ ಹೆಂಗಸು ಗಾಬರಿಯಾಗಿ ಎದ್ದು ನಿಂತಳು. "ಅಯ್ಯೋ ಮೇಡಂ, ಹಾಗಲ್ಲ. ನಿಮ್ಮ ಫೈಲಲ್ಲೇ ಇದೆಯಲ್ಲ." ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು. "ಬೆಂಗಳೂರಿನ ನಮ್ಮ ಹೋಟೆಲಿನವರು ಬರೆದಿಟ್ಟಿದಾರೆ. ಆಸ್ಪತ್ರೆ ಪಕ್ಕದ ಬ್ರಾಂಚು. ಅಲ್ಲಿ ಹದಿನಾಲ್ಕು ಸಲ ಇದ್ದಿರಿ. ನೋಡಿ, ಉಪ್ಪು ಖಾರ ಬೇಡ, ಎಲ್ಲಾ ಮೆತ್ತಗಿರಬೇಕು, ಬಾಯಲ್ಲಿ ಹುಣ್ಣು ಅಂತಿದೆ. ಹೂವು, ಊದುಬತ್ತಿ ವಾಸನೆ ಆಗಲ್ಲ. ಮಂಚದ ಹತ್ರ ಬೇಸಿನ್ ಇಡಬೇಕು. ಅದಕ್ಕೇ ನಾವು..." ಅವಳು ನಿಲ್ಲಿಸಿ ನನ್ನ ಮುಖ ನೋಡಿದಳು. "ನೆನಪು ಮಾಡಬಾರದಿತ್ತು, ಸಾರಿ ಮೇಡಂ. ಟ್ರೀಟ್‌ಮೆಂಟ್ ಎಲ್ಲಾ ಮುಗೀತಾ? ಈಗ ಹೇಗಿದೀರಿ?"

ಅವಳು ಕೇಳಿದ ಪ್ರಶ್ನೆಗೆ ಉತ್ತರ ನನಗೆ ಗೊತ್ತಿರಲಿಲ್ಲ. ನನ್ನ ಅತ್ತಿಗೆ ಈಗ ಹೇಗಿದ್ದಾಳೆ? ಕೌಂಟರಿನ ಅಂಚು ಹಿಡಿದುಕೊಂಡು, "ಈಗ ಪರವಾಗಿಲ್ಲ" ಎಂದೆ.

"ದೇವರು ಒಳ್ಳೇದು ಮಾಡ್ಲಿ" ಎಂದು ಅವಳು ನನ್ನ ಕೈ ಮೇಲೆ ಕೈಯಿಟ್ಟಳು. ಬೇರೊಬ್ಬರಿಗೆ ಸಲ್ಲಬೇಕಾದದ್ದನ್ನು ನಾನು ಕೈ ಹಿಂತೆಗೆಯದೆ ತೆಗೆದುಕೊಂಡೆ.

ಕೋಣೆಗೆ ಬಂದು ಮಂಚದ ಮೇಲೆ ಕೂತಾಗ ಗಿಡ್ಡ ಕೂದಲು, ಕಲಸಿಟ್ಟ ತುತ್ತು, ನೋಡದೆ ಹೇಳಿದ ನಂಬರು ಎಲ್ಲವೂ ಒಂದೊಂದಾಗಿ ಅರ್ಥವಾದವು. ನಮ್ಮನೆಯವರಿಗೆ ಹೇಳಿದೆ.

"ಹೊರಡೋಣ" ಎಂದೆ.

"ಹೊರಟು? ಹೋಗಿ ಏನಂತ ಕೇಳ್ತೀಯ? ಅವರೇ ಮುಚ್ಚಿಟ್ಟಿದಾರೆ ಅಂದ್ರೆ ಏನೋ ಕಾರಣ ಇರ್ಬೇಕು."

"ಏನಂತ ಕೇಳ್ತೀನೋ ಗೊತ್ತಿಲ್ಲ. ಇಲ್ಲಿ ಇರೋಕಾಗಲ್ಲ."

ಆವತ್ತು ಶಂಕರಘಟ್ಟಕ್ಕೆ ಜೀಪು ಮತ್ತೆ ಹೋಗುವುದಿರಲಿಲ್ಲ. ಸಂಜೆಯೆಲ್ಲ ಹಿನ್ನೀರಿನ ದಂಡೆಯಲ್ಲಿ ಅತ್ತಿಂದಿತ್ತ ನಡೆದೆ. ನಮ್ಮನೆಯವರು ಎರಡು ಸುತ್ತು ಜೊತೆಗೆ ಬಂದು, ಆಮೇಲೆ ಬೇಲಿಯ ಹತ್ತಿರ ಕೂತು ನನ್ನನ್ನೇ ಕಾಯುತ್ತಿದ್ದರು. ಮೊಬೈಲು ಇತ್ತು, ಸಿಗ್ನಲ್ ಇರಲಿಲ್ಲ. ಇದ್ದಿದ್ದರೂ ಮಾಡುತ್ತಿದ್ದೆನೋ ಇಲ್ಲವೋ.

ಬೆಳಿಗ್ಗೆ ತಿಂಡಿಗೆ ಮುಂಚೆಯೇ ಹೊರಟೆವು. ಮ್ಯಾನೇಜರ್ ಹೆಂಗಸು, "ಏನಾದ್ರೂ ತೊಂದ್ರೆ ಆಯ್ತಾ ಮೇಡಂ?" ಎಂದು ಜೀಪಿನವರೆಗೂ ಬಂದಳು. ನಿಜ ಹೇಳಿಬಿಡಬೇಕೆಂದುಕೊಂಡವಳು, "ಮನೆ ನೆನಪಾಯ್ತು" ಎಂದೆ.

ಭದ್ರಾವತಿಯಲ್ಲಿ ನಮ್ಮನೆಯವರು ಇಳಿದರು. ನಾನು ಶಿವಮೊಗ್ಗದ ಬಸ್ಸು ಹತ್ತಿದೆ. ಅಣ್ಣ ಅಂಗಡಿಗೆ ಹೋಗಿರುವ ಹೊತ್ತು. ಬಾಗಿಲು ತೆಗೆದವಳು ಅತ್ತಿಗೆ. ಮನೆಯುಡುಗೆಯಲ್ಲಿದ್ದಳು, ಹಣೆಗೆ ವಿಭೂತಿ, ಕೂದಲು ಈಗ ಕುತ್ತಿಗೆಯವರೆಗೆ ಬಂದಿತ್ತು.

"ನಾಳೆ ಅಲ್ವಾ ಬರೋದು? ಹೆಂಗಿತ್ತು? ಕುದುರೆ ಹತ್ತಿದ್ಯಾ?"

ಚಪ್ಪಲಿಯನ್ನೂ ಬಿಡದೆ ನಿಂತುಕೊಂಡು, "ನನಗೆ ಗಂಜಿ ಕೊಟ್ರು ಅತ್ತಿಗೆ" ಎಂದೆ.

ಅವಳಿಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ಕೈಯನ್ನು ಬಾಯಿಗೆ ಅಡ್ಡ ಹಿಡಿದಳು. "ಅಯ್ಯೋ ಶಿವನೇ. ಅದನ್ನ ಅಲ್ಲಿಗೂ ಬರ್ದು ಕಳಿಸ್ತಾರಾ?" ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. ನಾನಂತೂ ಅತ್ತೆ.

ಒಳಗೆ ಕೂರಿಸಿ ನೀರು ಕೊಟ್ಟಳು. ಎದೆಯಲ್ಲಿ ಗಂಟು ಕಾಣಿಸಿದ್ದು, ಆಪರೇಷನ್ನು, ಆಮೇಲೆ ಮೂರು ವಾರಕ್ಕೊಮ್ಮೆ ಹನಿಹನಿಯಾಗಿ ಏರಿಸುತ್ತಿದ್ದ ಔಷಧಿ, ಎಲ್ಲವನ್ನೂ ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳಿದಳು. ಔಷಧಿ ಏರಿಸಿದ ದಿನ ಬಸ್ಸಿನಲ್ಲಿ ವಾಪಸು ಬರಲು ಆಗುತ್ತಿರಲಿಲ್ಲ. ಅದಕ್ಕೇ ಆ ಹೋಟೆಲು. ಚಿಕಿತ್ಸೆ ಮುಗಿದು ಏಳೆಂಟು ತಿಂಗಳಾಗಿತ್ತು. ಈಗ ಬರೀ ತಪಾಸಣೆಗೆ ಹೋಗುವುದು.

"ಪಾಯಿಂಟ್ಸ್ ಅಷ್ಟಿವೆ, ನಾವೇ ಹೋಗೋಣ ಅಂದ್ರು ನಿಮ್ಮಣ್ಣ. ನನಗೆ ಆ ಹೋಟ್ಲಿನ ಸೋಪಿನ ವಾಸನೆ ನೆನಸಿಕೊಂಡ್ರೂ ಹೊಟ್ಟೆ ತೊಳಸುತ್ತೆ. ನೀವಾದ್ರೂ ಖುಷಿಯಾಗಿದ್ದು ಬನ್ನಿ ಅಂತ ನಾನೇ ಹೇಳ್ದೆ."

"ನಮಗೆ ಯಾಕೆ ಹೇಳ್ಲಿಲ್ಲ?"

"ನಿಮ್ಮವ್ವ ಬಂದು ಅಳ್ತಿದ್ರು. ನೀನೂ ಅಳ್ತಿದ್ದೆ, ಈಗ ಅಳ್ತಾ ಇದೀಯಲ್ಲ ಹಂಗೆ. ಅಳೋರನ್ನ ಕೂರಿಸಿ ಸಮಾಧಾನ ಮಾಡೋ ಶಕ್ತಿ ನನಗೆ ಆಗ ಇರ್ಲಿಲ್ಲ ಕಣೇ." ನನ್ನ ಕೈಯಿಂದ ಖಾಲಿ ಲೋಟ ತೆಗೆದುಕೊಂಡು, "ಇನ್ನೊಂದೂ ಇತ್ತು. ಏನೋ ಪಾಪದ ಫಲ ಅಂತ ಯಾರಾದ್ರೂ ಅಂದ್ರೆ? ಅದನ್ನ ಕೇಳೋಕೆ ನಾನು ತಯಾರಿರ್ಲಿಲ್ಲ" ಎಂದಳು.

ಯಾರಾದರೂ ಎಂದರೆ ಯಾರು ಎಂದು ನಾನು ಕೇಳಲಿಲ್ಲ. ನಾಮಕರಣದ ದಿನ ನಾನು ಬಾಯಿಬಿಡಬೇಕಿತ್ತು ಎಂದೆ. ಅವಳು ಹೌದು ಎಂದಳು. ಪರವಾಗಿಲ್ಲ, ಮರೆತುಬಿಡು ಎನ್ನಲಿಲ್ಲ. ಎದ್ದು ಹೋಗಿ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚತೊಡಗಿದಳು. ನಾನು ಪಕ್ಕದಲ್ಲಿ ನಿಂತು ರವೆ ಹುರಿದೆ.

ಅವ್ವನಿಗೆ ನಾನು ಹೇಳಲಿಲ್ಲ. ಅದು ಅತ್ತಿಗೆ ಹೇಳಬೇಕಾದ ವಿಷಯವಾಗಿತ್ತು. ಮುಂದಿನ ವರ್ಷ ಅವಳೇ ಹೊಳೆಹೊನ್ನೂರಿಗೆ ಹೋಗಿ ಹೇಳಿಬಂದಳಂತೆ. ಅವರಿಬ್ಬರ ನಡುವೆ ಏನು ಮಾತಾಯಿತೋ ಇಬ್ಬರೂ ಇವತ್ತಿನವರೆಗೆ ಹೇಳಿಲ್ಲ. ಅವ್ವ ಮಾತ್ರ ಬೆಂಗಳೂರಿನ ಮಾತೆತ್ತುವುದನ್ನು ನಿಲ್ಲಿಸಿದಳು.

ರೆಸಾರ್ಟಿನಿಂದ ಬಂದ ಮೇಲಿನ ಮೊದಲ ತಪಾಸಣೆಗೆ ಅಣ್ಣನ ಬದಲು ನಾನು ಜೊತೆಗೆ ಹೋದೆ. ಹಿಂದಿನ ದಿನ ರೈಲಿನಲ್ಲಿ ಹೋಗಿ, ಆ ಹೋಟೆಲು ಬೇಡವೆಂದು, ಹೊಸದಾಗಿ ಬೆಂಗಳೂರಿಗೆ ಬಂದಿದ್ದ ಅತ್ತಿಗೆಯ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡೆವು. ಆಸ್ಪತ್ರೆಯಲ್ಲಿ ಅವಳ ಸರದಿ ಬರಲು ಮೂರು ಗಂಟೆ ಹಿಡಿಯಿತು. ನಾನು ನೋಟೀಸ್ ಬೋರ್ಡಿನಲ್ಲಿದ್ದುದನ್ನೆಲ್ಲ ಓದಿ, ಕಿಟಕಿಯ ಹತ್ತಿರ ಹೋಗಿ, ಕಾಂಪೌಂಡರನ್ನು ಇನ್ನೆಷ್ಟು ಹೊತ್ತು ಎಂದು ಕೇಳಿ, ಮತ್ತೆ ಕಿಟಕಿಗೆ ಹೋದೆ. ಅತ್ತಿಗೆ ಉಲನ್ ಕಡ್ಡಿ ಹಿಡಿದು ನನ್ನ ಮಗಳಿಗೆ ಸ್ವೆಟರಿನ ತೋಳು ಹೆಣೆಯುತ್ತಾ ಕೂತಿದ್ದಳು.

"ಒಂದ್ ಕಡೆ ಕೂತ್ಕೊಳೇ ಮಾರಾಯ್ತಿ. ನಿನ್ನ ನೋಡಿ ನನಗೆ ಸುಸ್ತಾಗ್ತಾ ಇದೆ" ಎಂದಳು.

ಕೂತೆ. ಅಷ್ಟರಲ್ಲಿ ಒಳಗಿನಿಂದ ನರ್ಸ್ ಅವಳ ಹೆಸರು ಕೂಗಿದಳು. ಅತ್ತಿಗೆ ಹೆಣಿಗೆಯನ್ನು ನನ್ನ ಮಡಿಲಿಗೆ ಹಾಕಿ ಒಳಗೆ ಹೋದಳು. ಹೊರಗೆ ಬರುವಾಗ ಫೈಲನ್ನು ಕಂಕುಳಲ್ಲಿ ಇರುಕಿಕೊಂಡಿದ್ದಳು. "ಇನ್ನು ವರ್ಷಕ್ಕೊಂದ್ಸಲ ಬಂದ್ರೆ ಸಾಕಂತೆ" ಎಂದಳು. ಸಂಜೆಯ ರೈಲಿಗೆ ಇನ್ನೂ ಹೊತ್ತಿತ್ತು. ಅವಳಿಗೆ ಖಾರದ ಚಟ್ನಿ ಹಚ್ಚಿದ ಮಸಾಲೆ ದೋಸೆ ಬೇಕೆನಿಸಿತ್ತು. ಆಸ್ಪತ್ರೆಯ ಎದುರಿನ ರಸ್ತೆ ದಾಟಿ ತಿಂಡಿ ಹೋಟೆಲೊಂದರಲ್ಲಿ ಕೂತೆವು.