ಫೋಟೊದಲ್ಲಿ ಪೂಜಾರಿಗೆ ತಲೆ ಇರಲಿಲ್ಲ

ನನ್ನ ನಿವೃತ್ತಿಯ ಹಿಂದಿನ ವರ್ಷ. ಜನವರಿಯ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಆಗ ನಾನು ಕಾಗವಾಡ ತಾಲೂಕಿನಲ್ಲಿ ಕಂದಾಯ ನಿರೀಕ್ಷಕನಾಗಿದ್ದೆ. ಟೀವಿ ನಟ ಶಿವಾನಂದ ಹೃದಯಾಘಾತದಿಂದ ತೀರಿಕೊಂಡು ಮೂರು ತಿಂಗಳಾಗಿತ್ತು. ಅವರ ಮನೆಯ ಪಡಸಾಲೆಯಲ್ಲಿ ಅಣ್ಣ ಬಾಳಪ್ಪ, ಊರಿನ ಐವರು ಪಂಚರು, ತಾನೇ ಹೆಂಡತಿ ಎಂದು ಮಿರಜದಿಂದ ಬಂದಿದ್ದ ಸುನಂದಾ ಮತ್ತು ನಾನು ಹಾಜರಿದ್ದೆವು. ತಾಯಿ ಗಂಗವ್ವ ಒಳಗೆ ಚಹಾ ಮಾಡುತ್ತಿದ್ದರು.

ಕೆಲಸ ಪೌತಿ ಖಾತೆಯದು, ಅಂದರೆ ತೀರಿಹೋದವರ ಜಮೀನಿಗೆ ವಾರಸುದಾರರ ಹೆಸರು ಹಚ್ಚುವುದು. ಜಮೀನು ಮೂರು ಎಕರೆ ಇಪ್ಪತ್ತು ಗುಂಟೆ ದ್ರಾಕ್ಷಿ ತೋಟ. ಮದುವೆ ಆಗಿದ್ದು ನಿಜವಾದರೆ ತಾಯಿಗೂ ಸುನಂದಾಗೂ ಸಮಪಾಲು. ಇಲ್ಲವಾದರೆ ಪೂರ್ತಿ ತಾಯಿಯ ಹೆಸರಿಗೆ. ಎಂದರೆ ತೋಟ ನೋಡಿಕೊಳ್ಳುತ್ತಿದ್ದ ಬಾಳಪ್ಪನವರ ಕೈಗೆ.

ಪಂಚರಲ್ಲಿ ಹಿರಿಯರಾದ ಮಾರುತಿಯವರನ್ನು, "ಮೃತರ ಹೆಂಡತಿ ಯಾರು?" ಎಂದು ಕೇಳಿದೆ.

"ಅದೇನ್ ಕೇಳ್ತೀರಿ ಸಾಹೇಬ್ರ? ದಿನಾ ಸಂಜೀಕ ಏಳೂವರಿಗೆ ನೋಡ್ತಿದ್ವೆಲ್ಲ. ಬೆಳ್ಳಗ, ಎತ್ತರ. ಎರಡು ಮಕ್ಕಳು, ಪಾಪ."

"ಅದು ಧಾರಾವಾಹಿ."

"ಹೌದ್ರಿ. ಆದರ ಆಕಿ ಸಂಸಾರ ಚೊಲೋ ಮಾಡ್ಯಾಳ್ರಿ."

ಉಳಿದ ನಾಲ್ವರೂ ಒಪ್ಪಿದರು. ನಾನು ಪೆನ್ನು ಕೆಳಗಿಟ್ಟೆ.

ಸುನಂದಾ ಒಂದು ಫೋಟೊ ಕೊಟ್ಟರು. ಯಡೂರಿನ ವೀರಭದ್ರ ದೇವರ ಗುಡಿ, ಇಬ್ಬರ ಕೊರಳಲ್ಲೂ ಹಾರ. ಮದುವೆಯ ನೋಂದಣಿ ಆಗಿರಲಿಲ್ಲ.

ಬಾಳಪ್ಪ ನಕ್ಕರು. "ನಮ್ಮ ತಮ್ಮ ಟೀವ್ಯಾಗ ಮೂರು ಸಲ ಮದಿವಿ ಆಗ್ಯಾನ. ಅವೂ ಫೋಟೊ ಅದಾವು. ಎಲ್ಲಾರಿಗೂ ಪಾಲು ಕೊಡೂನೇನ್ರಿ?"

"ನಾ ನಟಿ ಅಲ್ರಿ. ಅವರ ವೇಷದ ಬಟ್ಟಿ ಹೊಲೀತಿದ್ದಾಕಿ" ಎಂದರು ಸುನಂದಾ.

"ಮದುವೆಗೆ ಬೇರೆ ಯಾರಿದ್ದರು?" ಎಂದೆ. ಅವರು ಅಡುಗೆಮನೆಯ ಕಡೆ ನೋಡಿದರು.

ಮಾರುತಿ ಫೋಟೊ ತಮ್ಮತ್ತ ತಿರುಗಿಸಿ ನೋಡಿದರು. "ಪೂಜಾರಿಗೆ ತಲೀನ ಇಲ್ಲಲ್ಲೋ! ಯಾವ ಹುಚ್ಚ ಹೊಡದಾನ ಇದನ್ನ?"

"ಹುಚ್ಚ ಅಲ್ಲೋ ಮಾರುತಿ, ನಾನ." ಚಹಾದ ತಾಟು ಹಿಡಿದು ಗಂಗವ್ವ ಬಾಗಿಲಲ್ಲಿ ನಿಂತಿದ್ದರು. "ಈ ಗುಂಡಿ ಒತ್ತಬೇ ಅಂದ ಶಿವ್ಯಾ, ಒತ್ತಿದೆ."

"ಅವ್ವಾ, ನನಗ್ಯಾಕ ಹೇಳಲಿಲ್ಲ?" ಎಂದರು ಬಾಳಪ್ಪ.

"ನೀ ಅವಗ ನಿನ್ನ ಹೆಂಡ್ತಿ ತಂಗೀನ್ನ ತರಬೇಕಂತ ಹಟ ಹಿಡದಿದ್ದಿ. ಅಣ್ಣ ತಣ್ಣಗಾಗ್ಲಿ, ಆಮ್ಯಾಲ ಹೇಳೂನು ಅಂದಿದ್ದ ಅವ." ಆಮೇಲೆ ಸೊಸೆಯತ್ತ ತಿರುಗಿದರು. "ನೀ ಯಾಕ ಬಾಯಿ ಬಿಡವಲ್ಲಿ?"

"ನೀವು ಇದ ಮನ್ಯಾಗ ಇರಬೇಕಲ್ರಿ ಅತ್ತಿ. ನಾ ಹೆಂಗ ನಿಮ್ಮನ್ನ ಜಗಳದಾಗ ಎಳೀಲಿ?"

"ನೀ ಹೇಳ್ತಿ ಅಂತ ನಾ ಕುಂತೇನಿ, ನಾ ಹೇಳ್ತೇನಿ ಅಂತ ನೀ!"

ಪಡಸಾಲೆಯಲ್ಲಿ ನಗು ಎದ್ದಿತು. ಬಾಳಪ್ಪ ಮಾತ್ರ ಫೋಟೊವನ್ನು ಬಹಳ ಹೊತ್ತು ನೋಡಿದರು. ಕಣ್ಣು ಒರೆಸಿಕೊಂಡು, "ನನಗ ಹೇಳಿದ್ರ ಫೋಟೊ ಆದರೂ ನೆಟ್ಟಗ ಹೊಡೀತಿದ್ನೆಲ್ಲಬೇ" ಎಂದರು. ಆಮೇಲೆ ತಾವೇ ಕಾಗದ ಕೇಳಿ, ತಕರಾರು ಇಲ್ಲವೆಂದು ಬರೆದುಕೊಟ್ಟರು.

ಮೂವತ್ತನಾಲ್ಕು ವರ್ಷ ಪಡಸಾಲೆಯಲ್ಲಿ ಕುಳಿತ ಗಂಡಸರನ್ನೇ ಮೊದಲು ಕೇಳಿದವನು ನಾನು. ಅಂದಿನಿಂದ ಸೇವೆ ಮುಗಿಯುವವರೆಗೆ ಪ್ರತಿ ಮನೆಯಲ್ಲೂ ಮೊದಲ ಹೇಳಿಕೆಯನ್ನು ಒಳಗಿದ್ದ ಹೆಣ್ಣುಮಕ್ಕಳಿಂದಲೇ ಪಡೆದೆ.

ಪಂಚನಾಮೆ ಬರೆದು ಓದಿ ಹೇಳಿದೆ. ಐವರೂ ಸಹಿ ಮಾಡಿದರು. ಸಂಜೆ ನಾಲ್ಕಕ್ಕೆ, ಸುನಂದಾ ಹೆಸರಿನ ಮುಂದೆ 'ಮೃತರೊಂದಿಗೆ ಸಂಬಂಧ' ಎಂಬ ಖಾಲಿ ಜಾಗದಲ್ಲಿ 'ಹೆಂಡತಿ' ಎಂದು ಬರೆದು ಫೈಲು ಕಟ್ಟಿದೆ.